ಪಾಚಿಗೆ ಅಂಟಿಕೊಂಡ ನೆಂಟ

ನಮ್ಮ ಮನೆತನದಲ್ಲಿ ಮಗಳ ಮದುವೆಯ ದಿನ ತಾಯಿಯೇ ಕೆಂಪು ಪಾಚಿ ಬೇಯಿಸಿ ಬೀಗರಿಗೆ ಜೆಲ್ಲಿ ಬಡಿಸಬೇಕು. ತಟ್ಟೆ ಅಲ್ಲಾಡಿಸಿದರೆ ಅದು ನಡುಗಬೇಕು, ಹರಿಯಬಾರದು. ಹರಿದರೆ ಬೀಗಿತ್ತಿ ಮೊಮ್ಮಕ್ಕಳಿಗೂ ಹೇಳಿಕೊಂಡು ನಗುತ್ತಾಳೆ.

ಅತ್ತಿಗೆ ಡಾಯೆಂಗ್ ಬೊಲ್ಲೊ ನಸುಕಿನಲ್ಲೇ ಒಲೆ ಹಚ್ಚಿದ್ದಳು. ಆ ವರ್ಷ ನಮ್ಮ ಉಪ್ಪುನೀರಿನ ಕೊಳದ ಪಾಚಿಯ ತುಂಬ ಬಿಳಿ ಗಂಟುಗಳು.

"ಅದು ರೋಗ ಅಲ್ಲಮ್ಮಾ," ಎಂದಳು ಮದುಮಗಳು ರನ್ನು. ಮಕಾಸ್ಸರ್ ನಗರದ ಕಾಲೇಜಿನಲ್ಲಿ ಪಾಚಿಯನ್ನೇ ಓದಿದವಳು. "ಅದೂ ಕೆಂಪು ಪಾಚಿನೇ, ಇದರ ನೆಂಟ. ಇದರ ಮೈಮೇಲೇ ಕೂತು, ಇದರ ಊಟಾನೇ ಉಂಡು ಬದುಕುತ್ತೆ."

ಅತ್ತಿಗೆ ನನ್ನ ಕಡೆ ನೋಡಿದಳು. "ಬಿಡು, ಅರ್ಥ ಆಯ್ತು."

ನಾನು ಅಣ್ಣನ ಮನೆಗೆ ಎರಡು ದಿನಕ್ಕೆಂದು ಬಂದು ಹದಿನಾಲ್ಕು ವರ್ಷವಾಗಿತ್ತು.

ಬೇಯಿಸಿ, ಸೋಸಿ, ತಟ್ಟೆಗೆ ಸುರಿದು ಎರಡು ಗಂಟೆಯಾದರೂ ಜೆಲ್ಲಿ ಚಹಾದಂತೆಯೇ ಇತ್ತು.

"ಆ ದರಿದ್ರ ಗಂಟುಗಳದ್ದೇ ಕೆಲಸ! ಉಳಿದ ಪಾಚೀನೂ ಬಿಸಾಕು, ಟೊಂಪೊ!" ಎಂದು ನನಗೆ ಹೇಳಿ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ರನ್ನು ಬೆರಳದ್ದಿ ನೆಕ್ಕಿದಳು. "ಇಷ್ಟೊಂದು ಹುಳಿ ಯಾಕಮ್ಮಾ?"

"ಪಾಚಿ ಕರಗಲಿ ಅಂತ ಚೂರು ಹುಣಸೆ ಹಾಕಿದ್ದೆ. ಯಾವಾಗ್ಲೂ ಹಾಕೋದೇ."

ಹದಿನಾಲ್ಕು ವರ್ಷದಲ್ಲಿ ಅಡುಗೆಮನೆಗೆ ನಾನು ನೆರವಾದದ್ದು ಒಂದೇ ಸಲ, ಅದೇ ಬೆಳಗ್ಗೆ. ಅತ್ತಿಗೆ ಹುಣಸೆ ಮರೆತಳೆಂದುಕೊಂಡು ಮೂರು ಹಿಡಿ ಹಾಕಿದ್ದೆ. ಸುಮ್ಮನಿದ್ದರೆ ಅಪವಾದ ಗಂಟಿನ ಮೇಲೇ ಹೋಗುತ್ತಿತ್ತು, ಗಂಟಿಗೆ ಬಾಯಿಲ್ಲ. ಆದರೆ ನನಗೆ ಅಷ್ಟು ವರ್ಷ ಅನ್ನವಿಕ್ಕಿದವಳು ಅಳುತ್ತಿದ್ದಳು.

"ನಾನೂ ಹಾಕಿದ್ದೆ ಅತ್ತಿಗೆ. ಮೂರು ಹಿಡಿ."

ಅತ್ತಿಗೆ ಸೌಟು ಹುಡುಕತೊಡಗಿದಳು. ರನ್ನು ನಡುವೆ ನಿಂತಳು. "ಪಾಚಿಯ ಜೀವಕೋಶದ ಗೋಡೇಲಿ ಸಕ್ಕರೆಯ ಉದ್ದುದ್ದ ಸರಪಳಿ ಇರ್ತವೆ, ಚಿಕ್ಕಪ್ಪಾ. ತಣ್ಣಗಾದಾಗ ಹೆಣೆದುಕೊಂಡು ನೀರು ಹಿಡ್ಕೊಳ್ತವೆ. ಅಷ್ಟು ಹುಳೀಲಿ ಕುದಿಸಿದ್ರೆ ಚೂರುಚೂರು!"

"ಗಂಟಿನ ಗೋಡೇಲೂ ಅದೇ ಸರಪಳಿನಾ?"

"ನೆಂಟನಲ್ವಾ? ಹೆಚ್ಚುಕಮ್ಮಿ ಅಂಥದ್ದೇ."

ಉಳಿದ ಪಾಚಿ ಗಂಟುಸಮೇತ ಒಲೆಗೇರಿತು. ನನ್ನನ್ನು ಹೊರಗೆ ಕೂರಿಸಿ ತಟ್ಟೆಗಳಿಗೆ ಬೀಸಣಿಗೆ ಬೀಸಲು ಹಚ್ಚಿದರು.

ಜೆಲ್ಲಿ ಎಷ್ಟು ಚೆನ್ನಾಗಿ ಗಟ್ಟಿಯಾಯಿತೆಂದರೆ, ಬೀಗಿತ್ತಿ ಚುಚ್ಚಿದ ಚಮಚ ಪುಟಿದು ಚಾವಣಿಗೆ ಸಿಕ್ಕಿಕೊಂಡಿತು. ಈಗಲೂ ಅಲ್ಲೇ ಇದೆ. ಅನುಮಾನವಿದ್ದವರು ಬಂದು ನೋಡಬಹುದು.

ಬೀಗಿತ್ತಿ ಬಾಯಿ ಚಪ್ಪರಿಸುತ್ತ ನನ್ನತ್ತ ಕೈ ತೋರಿಸಿದಳು. "ಇವರು ಯಾರು?"

ಅತ್ತಿಗೆ ದೊಡ್ಡ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದಳು. "ನಮ್ಮನೆ ಗಂಟು. ಕೀಳೋಕೆ ಹೋದ್ರೆ ಗೋಡೆನೂ ಬರುತ್ತೆ."