ಬುಟ್ಟಿ ಎತ್ತುವ ಕೈ

ದೋಣಿಗಳು ಬಂದು ನಿಲ್ಲುವ ಹಂಗಾರಕಟ್ಟೆಯ ದಕ್ಕೆಯಲ್ಲಿ ಮೀನಿನ ಬುಟ್ಟಿಯನ್ನು ಯಾರ ಸಹಾಯವೂ ಇಲ್ಲದೆ ನೆಲದಿಂದ ತಲೆಗೇರಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಉಳಿದವರು ಒಬ್ಬರಿಗೊಬ್ಬರು ಎತ್ತಿ ಹೊರಿಸುತ್ತಾರೆ. ಮೀನು ಮಾರುವ ಹೆಂಗಸರಲ್ಲಿ ಅದು ರೂಢಿ. ನಾನು ಎಲ್ಲರಿಗೂ ಎತ್ತಿಕೊಟ್ಟು, ಬೇಕೆಂದೇ ಕೊನೆಯವಳಾಗಿ ಉಳಿಯುತ್ತಿದ್ದೆ. ಒಂದು ಎಳೆತಕ್ಕೆ ಮಂಡಿಗೆ, ಇನ್ನೊಂದಕ್ಕೆ ಎದೆಗೆ, ಮೂರನೆಯದಕ್ಕೆ ತಲೆಗೆ. ನೋಡುವವರು ನೋಡಲಿ ಎಂದು ಸ್ವಲ್ಪ ನಿಧಾನವನ್ನೂ ಮಾಡುತ್ತಿದ್ದೆ. ಸೊಕ್ಕು ಎನ್ನಿ, ನನಗೇನೂ ಬೇಸರವಿಲ್ಲ.

2007ರ ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿಯುವಾಗ ನನ್ನ ಬಲಗೈ ಭುಜದಿಂದ ಮೇಲೆ ಏಳದಾಯಿತು. ತಲೆ ಬಾಚಿಕೊಳ್ಳಲೂ ಮಗಳು ಬೇಕಾಯಿತು. ಭುಜದ ಸಂದು ಗಟ್ಟಿಯಾಗಿದೆ, ಹೊರೆ ಬಿಟ್ಟುಬಿಡಿ ಎಂದರು ಡಾಕ್ಟರು. ಹೇಳುವುದು ಸುಲಭ. ಐರೋಡಿ ಕಡೆಯ ಇಪ್ಪತ್ತೆರಡು ಮನೆಗಳಿಗೆ ನಾನೇ ಮೀನು ಕೊಡುವವಳು. ಯಾವ ಮನೆಯ ಸೊಸೆಗೆ ಬಂಗುಡೆ ಆಗದು, ಯಾವ ಅಜ್ಜಿಗೆ ಮುಳ್ಳು ಕಡಿಮೆ ಇರಬೇಕು, ಎಲ್ಲ ನನಗೆ ಬಾಯಿಪಾಠ. ಆ ಜಗಲಿಗಳಿಗೆ ಹೋಗದ ವನಜ ಎಂತಹ ವನಜ?

ಎತ್ತಿಕೊಡಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ನನ್ನ ಜೊತೆಯೇ ಮೀನು ಮಾರುವ ಪಕ್ಕದ ಮನೆಯ ಸೀತು ತಾನಾಗಿ ಬುಟ್ಟಿಗೆ ಕೈ ಹಾಕಲು ಬಂದಾಗ ಅದನ್ನು ಕಾಲಿನಿಂದ ಹಿಂದೆ ಸರಿಸಿ, ಇವತ್ತು ಇಲ್ಲೇ ಕೂತು ಮಾರುತ್ತೇನೆ ಎಂದೆ. ದಕ್ಕೆಯ ಬದಿಯಲ್ಲಿ ಹಾಗೆ ಕೂತವಳು ದೀಪಾವಳಿ ಬಂದರೂ ಅಲ್ಲೇ ಕೂತಿದ್ದೆ.

ಸುಗುಣ ಟೀಚರು ಕೋಟೇಶ್ವರದಿಂದ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ನಮ್ಮ ಭಜನಾ ಮಂದಿರದಲ್ಲಿ ಯೋಗ ಕಲಿಸುತ್ತಿದ್ದರು. ಬಡಕಲು ಮೈ, ದಪ್ಪ ಕನ್ನಡಕ, ನನ್ನದೇ ವಯಸ್ಸು, ಐವತ್ತರ ಹತ್ತಿರ. ಮಗಳು ಶರಣ್ಯಾ ನನ್ನನ್ನು ಬಲವಂತದಿಂದ ಕರೆದುಕೊಂಡು ಹೋದಳು. ಮೈಯಲ್ಲಿ ಮೀನಿನ ವಾಸನೆ ಎಂದು ನಾನು ಬಾಗಿಲ ಬಳಿ ಕೂತೆ. ಟೀಚರು ತಮ್ಮ ಚಾಪೆಯನ್ನೇ ಎಳೆದು ತಂದು ನನ್ನ ಪಕ್ಕ ಹಾಸಿಕೊಂಡರು. ಆವತ್ತೇ ನನಗೆ ಅವರ ಮೇಲೆ ಅಕ್ಕರೆ ಹುಟ್ಟಿತು. ತೋರಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಹದಿನೈದು ದಿನ ಬರೀ ಉಸಿರು ಬಿಡುವುದನ್ನು ಕಲಿಸಿದರು. ಇಷ್ಟು ವರ್ಷ ನಾನೇನು ಉಸಿರಾಡದೆ ಬದುಕಿದ್ದೆನೇ ಎಂದು ಗೊಣಗಿದೆ, ಅವರು ನಕ್ಕರು. ಆಮೇಲೆ ಗೋಡೆ. ಬಲಗೈ ಬೆರಳುಗಳನ್ನು ಏಡಿಯ ಹಾಗೆ ಗೋಡೆಯ ಮೇಲೆ ಹತ್ತಿಸಬೇಕು, ನೋವು ಶುರುವಾಗುವ ಮೊದಲೇ ನಿಲ್ಲಿಸಬೇಕು, ನಿಂತಲ್ಲಿ ಉಸಿರು ಬಿಡಬೇಕು. ತಲುಪಿದಲ್ಲಿ ಅವರು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ವಾರಕ್ಕೆ ಒಂದು ಬೆರಳಿನಷ್ಟು ಏರಿದರೆ ಅದೇ ಹೆಚ್ಚು.

ಅಷ್ಟು ತಾಳ್ಮೆ ನನಗೆಲ್ಲಿಯದು? ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಲೆಯ ಹಗ್ಗವನ್ನು ಮಾಡಿನ ಜಂತಿಗೆ ಹಾಯಿಸಿ, ಒಂದು ತುದಿಯನ್ನು ಬಲಗೈ ಮಣಿಕಟ್ಟಿಗೆ ಬಿಗಿದು, ಇನ್ನೊಂದನ್ನು ಎಡಗೈಯಿಂದ ಎಳೆದೆ. ದೋಣಿಯನ್ನು ದಡಕ್ಕೆ ಎಳೆಯುವವರ ಬುದ್ಧಿ ಅಷ್ಟೇ, ಬಾರದ್ದನ್ನು ಹಗ್ಗ ಹಾಕಿ ಎಳೆಯುವುದು. ಭುಜದೊಳಗೆ ಏನೋ ಕಟಕ್ ಎಂದಿತು. ಮೂರು ದಿನ ಅನ್ನ ಕಲಸಲೂ ಆಗಲಿಲ್ಲ. ರಾತ್ರಿ ಮಗ್ಗುಲು ತಪ್ಪಿ ಮಲಗಿದೆ ಎಂದು ಟೀಚರಿಗೆ ಸುಳ್ಳು ಹೇಳಿದೆ. ಅವರು ಮಣಿಕಟ್ಟಿನ ಹಗ್ಗದ ಗುರುತನ್ನು ನೋಡಿದರು, ಅಲ್ಲಿಗೆ ತೆಂಗಿನೆಣ್ಣೆ ಹಚ್ಚಿದರು.

"ಕೈಯ ಹೆದ್ರ್ಸಿರೆ ಅದ್ ಇನ್ನೂ ಒಳ್ಗೆ ಹೋತ್ತ್, ವನಜಕ್ಕ," ಎಂದರು. "ಮಕ್ಳನ್ನ ಕರ್ದಂಗೆ ಮೆಲ್ಲ ಕರೀಬೇಕ್."

ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಬೈಯಲಿಲ್ಲವಲ್ಲ, ನಾಚಿಕೆಯಾಯಿತು.

ಮರುದಿನವೇ ಅವರು ಮೊದಲ ಬಸ್ಸು ಹಿಡಿದು ದಕ್ಕೆಗೆ ಬಂದರು. ಮೀನು ಮುಟ್ಟದ ಮನೆಯವರು. ಆದರೂ ಮೂಗಿಗೆ ಸೆರಗು ಹಿಡಿಯದೆ, ಮೀನಿನ ನೀರಿನಲ್ಲಿ ಒಂದು ಗಂಟೆ ನಿಂತು ನಮ್ಮ ಹೆಂಗಸರು ಬಗ್ಗುವುದು, ಏಳುವುದು, ಹೊರುವುದು ಎಲ್ಲ ನೋಡಿದರು. ನನಗೆ ಖಾಲಿ ಬುಟ್ಟಿ ಕೊಟ್ಟು, ಮೊದಲು ಎತ್ತುತ್ತಿದ್ದ ರೀತಿಯನ್ನು ತೋರಿಸಿ ಎಂದರು. ಮೂರನೆಯ ಎಳೆತಕ್ಕೆ ನಾನು ಉಸಿರು ಕಟ್ಟಿ ಇಡೀ ಭಾರವನ್ನು ಬಲಭುಜಕ್ಕೆ ಹಾಕುತ್ತೇನಂತೆ. ಇಪ್ಪತ್ತೆಂಟು ವರ್ಷ ಹಾಗೆ ಮಾಡಿದ್ದು ನನಗೇ ಗೊತ್ತಿರಲಿಲ್ಲ. ಅವರಿಗೆ ಒಂದೇ ಸಲಕ್ಕೆ ಕಂಡಿತು.

ಅಲ್ಲಿಂದ ಅವರು ಹೇಳಿದಷ್ಟನ್ನೇ ಮಾಡಿದೆ. ಮಾರ್ಚ್ ಹೊತ್ತಿಗೆ ಸೀಮೆಸುಣ್ಣದ ಗೆರೆ ಕಿವಿಯ ಮಟ್ಟ ದಾಟಿತು, ನನ್ನ ಜಡೆ ನಾನೇ ಹಾಕಿಕೊಂಡೆ. ಇನ್ನು ಬುಟ್ಟಿ ಎತ್ತಲೇ ಎಂದು ಕುಣಿಯುತ್ತಾ ಕೇಳಿದರೆ ಟೀಚರು ತಲೆ ಅಲ್ಲಾಡಿಸಿದರು. ತಲೆಯ ಮೇಲೆ ಹೊರಬಹುದು, ಆದರೆ ನೆಲದಿಂದ ಒಬ್ಬಳೇ ಎತ್ತುವುದು ಇನ್ನು ಯಾವತ್ತೂ ಬೇಡ ಎಂದರು.

ಸಿಟ್ಟು ನೆತ್ತಿಗೇರಿತು. ಇದಕ್ಕಾ ನಾನು ಐದು ತಿಂಗಳು ಗೋಡೆ ತಡವಿದ್ದು ಎಂದು ಎಲ್ಲರೆದುರು ಕೂಗಾಡಿ ಹೊರಟುಬಂದೆ. ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ಆದರೆ ಸಂಜೆಯಾದರೆ ಕೈ ತಾನಾಗಿ ಮನೆಯ ಗೋಡೆಗೆ ಹೋಗುತ್ತಿತ್ತು, ಉಸಿರು ತಾನಾಗಿ ಉದ್ದವಾಗುತ್ತಿತ್ತು. ಉಸಿರು ಉದ್ದವಾದಂತೆ ಸಿಟ್ಟು ಗಿಡ್ಡವಾಯಿತು. ಒಂಬತ್ತನೆಯ ದಿನ ಹೋಗಿ ಬಾಗಿಲ ಬಳಿ ಕೂತೆ. ಟೀಚರು ಎಲ್ಲಿ ಹೋಗಿದ್ದಿರಿ ಎನ್ನಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನಿಮ್ಗೆ ಬುಟ್ಟಿ ಬೇಕಾ, ಒಬ್ರೇ ಎತ್ತುದ್ ಬೇಕಾ?"

ಎದ್ದು ಮನೆಗೆ ಬಂದೆ. ಇಡೀ ರಾತ್ರಿ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬೆಳಿಗ್ಗೆ ದಕ್ಕೆಯಲ್ಲಿ ಬುಟ್ಟಿ ತುಂಬಿಸಿ, ತಲೆಗೆ ಸುತ್ತಿದ ಬಟ್ಟೆಯ ಸಿಂಬೆ ಇಟ್ಟುಕೊಂಡು ನಿಂತೆ. ಸೀತು ಅಲ್ಲೇ ಮೀನು ಆರಿಸುತ್ತಿದ್ದಳು. ಟೀಚರು ಕಲಿಸಿದ ಹಾಗೆ ಪೂರ್ತಿ ಉಸಿರು ಬಿಟ್ಟೆ.

"ಸೀತು, ಒಂಚೂರ್ ಎತ್ತಿ ಕೊಡ್ತ್ಯಾ?"

ಅವಳು ಕೈಯಲ್ಲಿದ್ದ ಮೀನು ಬಿಟ್ಟು ಓಡಿ ಬಂದಳು. ಇಬ್ಬರೂ ಮಂಡಿ ಬಗ್ಗಿಸಿ ಎತ್ತಿದೆವು. ಬುಟ್ಟಿ ಸಿಂಬೆಯ ಮೇಲೆ ಕೂತಿತು. ಭುಜ ನೋಯಲಿಲ್ಲ. ಆದರೆ ಸೀತು ಬುಟ್ಟಿಯಿಂದ ಕೈ ತೆಗೆಯಲಿಲ್ಲ.

"ಇಪ್ಪತ್ ವರ್ಷ ದಿನಾ ನಂಗೆ ಎತ್ತಿ ಕೊಟ್ರಿ, ವನಜಕ್ಕ," ಎಂದಳು. "ಒಂದ್ ದಿನ ನಂಗೆ ಎತ್ತುಕೆ ಬಿಡ್ಲಿಲ್ಲೆ ನೀವ್."

ನಾನು ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಷ್ಟು ವರ್ಷವೂ ಅವಳ ಕೈಯನ್ನು ಬೇಡ ಎನ್ನುತ್ತಿದ್ದೆ. ತಲೆಯ ಮೇಲೆ ತುಂಬಿದ ಬುಟ್ಟಿ, ಮುಖ ತಿರುಗಿಸುವ ಹಾಗಿರಲಿಲ್ಲ. ಅವಳೆದುರೇ ನಿಂತು ಅತ್ತೆ.