ಕಂಬಳಿಯ ಮೇಲೆ ಕಂಬಳಿ

ಉಣ್ಣೆ ಬಿಗಿಯಾಗಲೆಂದು ಹುಣಸೆ ಬೀಜದ ಗಂಜಿಯನ್ನು ಹೊಸ ಕಂಬಳಿಗೆ ಬಳಿಯುತ್ತಿದ್ದೆ. ನಡುವೆ ಬಿಟ್ಟು ಏಳುವ ಕೆಲಸವಲ್ಲ ಅದು. ಆದರೂ ನಾದಿನಿ ಬುಚ್ಚಮ್ಮ ಕೇಳಲಿಲ್ಲ. ನಿನ್ನ ಮೇಲೆ ತೆಗೆದ ಸಿನಿಮಾ ನಾರಾಯಣಪೇಟೆಗೆ ಬಂದಿದೆ, ಇವತ್ತೇ ಕೊನೆಯ ದಿನ ಎಂದು ಕೈ ಹಿಡಿದು ಎಬ್ಬಿಸಿ, ಉಟ್ಕೂರಿನಿಂದ ಹೊರಟ ಆಟೋದಲ್ಲಿ ನನ್ನನ್ನು ತುರುಕಿದಳು.

ಹೋದ ವರ್ಷ, ತೆಲಂಗಾಣ ರಾಜ್ಯ ಬಂದ ಹೊಸದರಲ್ಲಿ, ಡೈರೆಕ್ಟರ್ ಅಂಜನಕುಮಾರ್ ನಮ್ಮ ಮನೆಯಲ್ಲಿ ಮೂರು ದಿನ ಕುಳಿತು ನನ್ನ ಕಥೆ ಬರೆದುಕೊಂಡಿದ್ದ. ಕುರಿ ಕಾಯುವ ಮನೆಯ ಹೆಂಗಸು ಡೊಳ್ಳು ಕಟ್ಟಿಕೊಂಡು, ತೆಲಂಗಾಣ ಬೇಕೆಂದು ಊರೂರು ಹಾಡಿದ ಕಥೆ.

ತೆರೆಯ ಮೇಲೆ ಡೊಳ್ಳೇ ಇರಲಿಲ್ಲ. ನನ್ನ ವಯಸ್ಸಿನವಳೊಬ್ಬಳು ಪ್ಯಾಂಟು, ಚರ್ಮದ ಕೋಟು ತೊಟ್ಟು, ಕೊರಳಿಗೆ ಗಿಟಾರು ತೂಗುಹಾಕಿಕೊಂಡು, ಹೈದರಾಬಾದಿನಲ್ಲಿ ರಾಕ್ ಹಾಡು ಕಿರುಚುತ್ತಿದ್ದಳು.

"ಅತ್ತಿಗಿ, ನೀ ಯಾವಾಗ ಪ್ಯಾಂಟ್ ಹಾಕ್ಕೊಂಡಿದ್ದಿ?" ಎಂದು ಬುಚ್ಚಮ್ಮ ಕಿವಿಯಲ್ಲಿ ಕೇಳಿದಳು.

ಅಷ್ಟನ್ನು ಸಹಿಸಿಕೊಂಡೆ. ಮದುವೆಯ ಭಾಗ ಬಂದಾಗ ಆಗಲಿಲ್ಲ.

ನನ್ನ ಮಗಳು ರಜಿತಾಳ ಮದುವೆ ಮಕ್ತಲ್‌ನಲ್ಲಿ ನಡೆಯಿತು, ತೆಲಂಗಾಣಕ್ಕಾಗಿ ಎಲ್ಲರೂ ಕೆಲಸ ಬಿಟ್ಟು ಮುಷ್ಕರ ಕೂತಿದ್ದ ವರ್ಷ. ನಮ್ಮ ಮನೆತನದಲ್ಲಿ ಮದುಮಕ್ಕಳು ಕೂಡಲು ಹುಡುಗಿಯ ತಾಯಿಯೇ ಕಂಬಳಿ ಹಾಸಬೇಕು. ಒಮ್ಮೆ ಹಾಸಿದ ಮೇಲೆ ಮತ್ತೊಂದು ಹಾಸುವಂತಿಲ್ಲ. ಯಾರು ಹಾಸಿದರೋ ಅವರೇ ಆ ಹೊತ್ತಿಗೆ ತಾಯಿ. ನಾನು ಸಭೆಯೊಂದರಲ್ಲಿ ಹಾಡಲು ಹೋದವಳು ಹೊತ್ತಿಗೆ ಬರಲಿಲ್ಲ. ಮುಹೂರ್ತ ಮೀರುತ್ತದೆಂದು ಬುಚ್ಚಮ್ಮ ಹಾಸಿದಳು. ಅಂದಿನಿಂದ ರಜಿತಾ ಗದ್ವಾಲದ ತನ್ನ ಮನೆಯ ಹೊಸ್ತಿಲು ತುಳಿಯಲು ನನ್ನನ್ನು ಬಿಟ್ಟಿಲ್ಲ.

ಸಿನಿಮಾದಲ್ಲಿ ಗಿಟಾರಿನವಳು ಬಸ್ಸಿಲ್ಲದೆ ರಸ್ತೆಯುದ್ದಕ್ಕೂ ಓಡುತ್ತಾಳೆ. ಚಪ್ಪಲಿ ಹರಿಯುತ್ತದೆ, ಕಾಲಲ್ಲಿ ರಕ್ತ. ಮಂಟಪಕ್ಕೆ ನುಗ್ಗಿ, ಹಾಸಿದ ಕಂಬಳಿಯ ಮೇಲೆ ತನ್ನದನ್ನು ಹಾಸುತ್ತಾಳೆ. ಅದಾದರೂ ಕಂಬಳಿಯೇ? ಗುಲಾಬಿ ಹೂವಿನ ಪೇಟೆಯ ರಗ್ಗು. ಮಗಳು ಅಳುತ್ತ ತಬ್ಬಿಕೊಳ್ಳುತ್ತಾಳೆ, ಎಲ್ಲರೂ ಕುಣಿಯುತ್ತಾರೆ, ಮುಗಿಯಿತು.

ಸುತ್ತಲಿನ ಹೆಂಗಸರು ಕಣ್ಣು ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ನನ್ನ ಮಗಳು ನಾಲ್ಕು ವರ್ಷ ಹೊತ್ತುಕೊಂಡ ಸಿಟ್ಟನ್ನು ಆ ಮನುಷ್ಯ ಒಂದು ಹಾಡಿನಲ್ಲಿ ತೊಳೆದುಬಿಟ್ಟಿದ್ದ. ಅವಳನ್ನು ಒಂದು ಮಾತು ಕೇಳಿದ್ದನೇ?

ಹೊರಗೆ ಬಂದ ಮೇಲೆ ಬುಚ್ಚಮ್ಮ ಬಚ್ಚಿಟ್ಟುಕೊಂಡಿದ್ದ ಸುದ್ದಿ ಹೇಳಿದಳು. ರಜಿತಾ ಗದ್ವಾಲದಲ್ಲಿ ಸಿನಿಮಾ ನೋಡಿ ಫೋನ್ ಮಾಡಿದ್ದಳಂತೆ.

"ಬಸ್ ಇಲ್ದ ಅವ್ವ ಎಷ್ಟು ಒದ್ದಾಡ್ಯಾಳೋ ಅಂತ ಅಳಾಕತ್ತಿದ್ಲು. ಐತವಾರ ನಿನ್ ನೋಡಾಕ ಬರ್ತಾಳಂತ."

ಕುಣಿಯಬೇಕಿತ್ತು ನಾನು. ಆಗಲಿಲ್ಲ.

"ನನಗ ಜೀಪ್ ಇತ್ತು, ಬುಚ್ಚಿ," ಎಂದೆ.

ಬಸ್ಸು ಓಡುತ್ತಿರಲಿಲ್ಲ, ಅದು ನಿಜ. ಆದರೆ ಸಭೆಯವರು ನನಗೆಂದೇ ಜೀಪು ನಿಲ್ಲಿಸಿದ್ದರು. ಡ್ರೈವರ್ ಯಂಕಣ್ಣ ವೇದಿಕೆಯ ಬಳಿ ಎರಡು ಸಲ ಬಂದು ಕರೆದ. ಜನ ಇನ್ನೊಂದು, ಇನ್ನೊಂದು ಎಂದರು. ಮತ್ತೆ ಮೂರು ಹಾಡು ಹಾಡಿದೆ. ಅಂಜನಕುಮಾರನಿಗೆ ಮಾತ್ರ ಬಸ್ಸಿರಲಿಲ್ಲ ಎಂದಷ್ಟೇ ಹೇಳಿದ್ದೆ. ಉಳಿದದ್ದನ್ನು ಅವನು ಕಟ್ಟಿದ, ಅಡಿಪಾಯ ನನ್ನದು. ಅವನ ಮೇಲಿನ ಸಿಟ್ಟೆಲ್ಲ ತಿರುಗಿ ನನ್ನ ಮೇಲೆಯೇ ಬಂತು.

ಎಲ್ಲ ಕೇಳಿ ಬುಚ್ಚಮ್ಮ ನನ್ನ ತೋಳು ಹಿಡಿದು ಜನರಿಂದ ದೂರ ಎಳೆದಳು. "ಬಾಯಿ ಮುಚ್ಕೊಂಡಿರು. ಮಗಳು ಬರಾಕತ್ಯಾಳ. ಯಾವ ದಾರಿಲೆ ಬಂದ್ರೇನು?"

"ಆಕಿ ಬರೋದು ಆ ಗಿಟಾರದಾಕಿ ಮನಿಗಿ. ನನ್ನ ಮನಿಗಲ್ಲ."

"ಖರೆ ಗೊತ್ತಾದ್ರ ಮತ್ತ ಎಂದೂ ಬರಂಗಿಲ್ಲ, ಅತ್ತಿಗಿ."

"ಬರದಿದ್ರ ಬಿಡಲಿ. ಆಕಿ ಸಿಟ್ಟು ಆಕೀದು. ನಾ ಸುಳ್ಳು ಹೇಳಿ ಅದನ್ನೂ ಕಸ್ಕೊಳ್ಳೇನು?"

ರಜಿತಾಳಿಗೆ ಜೀಪಿನ ಮಾತೆಲ್ಲ ಬರೆದ ಕಾಗದವೊಂದು ಎರಡು ವರ್ಷದಿಂದ ನನ್ನ ಟ್ರಂಕಿನಲ್ಲಿತ್ತು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ಮೊದಲು ಬರೆದದ್ದೇ ಅದು. ತಪ್ಪು ತಿದ್ದಿ ಕಳಿಸೋಣ, ಹಬ್ಬ ಕಳೆಯಲಿ, ಅವಳ ಬಾಣಂತನ ಮುಗಿಯಲಿ ಎಂದು ತಳ್ಳುತ್ತ ಬಂದಿದ್ದೆ.

ಮರುದಿನ ಬೆಳಿಗ್ಗೆ ಅದರ ಕೆಳಗೆ ಒಂದು ಸಾಲು ಸೇರಿಸಿದೆ: ಸಿನಿಮಾ ನೋಡಿ ಬರಬೇಡ, ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ. ಉಟ್ಕೂರಿನ ಅಂಚೆ ಕಚೇರಿಯಲ್ಲಿ ವೀರಯ್ಯನ ಕೈಗೆ ಕೊಟ್ಟು, ಭಾನುವಾರದೊಳಗೆ ಗದ್ವಾಲ ಮುಟ್ಟುತ್ತದೆಯೇ ಎಂದು ಕೇಳಿದೆ. ಇವತ್ತು ಮಂಗಳವಾರ ತಾನೆ, ಶುಕ್ರವಾರಕ್ಕೇ ಮುಟ್ಟುತ್ತದೆ ಎಂದ. ಮುದ್ರೆ ಹೊಡೆದು ಚೀಲದೊಳಗೆ ಹಾಕಿದ.