ಇನ್ನೂರ ಹನ್ನೆರಡು ಕಪ್ಪು ಫೋಟೋಗಳು

"ಇನ್ನೂ ಒತ್ತಿ ನಿಂತ್ಕೊಳ್ಳಿ, ಅಣ್ಣನ ಮುಖ ಮರೆಯಾಗ್ಬಾರ್ದು" ಎನ್ನುತ್ತ ಚಿಕ್ಕಪ್ಪ ಕ್ಯಾಮೆರಾವನ್ನು ಕಣ್ಣಿಗೇರಿಸಿದ. ನಡುಮನೆಯಲ್ಲಿ ಬಿಳಿ ಹೊದಿಕೆಯೊಳಗೆ ಅಪ್ಪ ಮಲಗಿದ್ದ. ಸುತ್ತ ನೆಂಟರು. ಮಗಳು ನೋಡಿದ್ದು ಕ್ಯಾಮೆರಾವನ್ನು. ಅದು ಅಪ್ಪನದು.

"ಚಿಕ್ಕಪ್ಪಾ, ಅದರಲ್ಲಿದ್ದ ಫೋಟೋಗಳು?"

"ಕಾರ್ಡ್ ತುಂಬಿದೆ ಅಂತು. ನೋಡಿದ್ರೆ ಬರೀ ಕಪ್ಪು. ಎಲ್ಲ ಅಳಿಸಿದೆ. ನಿಮ್ಮಪ್ಪ ಮುಚ್ಚಳ ತೆಗೆಯೋದೇ ಮರ್ತಿದ್ದ ಅಂತ ಕಾಣುತ್ತೆ."

ಸಾವಿನ ಮನೆಯೆನ್ನುವುದನ್ನೂ ಮರೆತು ಯಾರೋ ಕಿಸಕ್ಕನೆ ನಕ್ಕರು.

*

ಅಪ್ಪ ಲಿಫ್ಟ್ ರಿಪೇರಿಯವನು. ಎತ್ತರದ ಕಟ್ಟಡಗಳ ತಾರಸಿ ಬಾಗಿಲುಗಳೆಲ್ಲ ಅವನಿಗೆ ಗೊತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಈ ಹಳೇ ಕ್ಯಾಮೆರಾವನ್ನು ಊಟದ ಮೇಜಿನ ಮೇಲೆ ಬಿಚ್ಚಿ, ಒಳಗಿನಿಂದ ತೆಳ್ಳನೆಯ ಗಾಜಿನ ಚೂರೊಂದನ್ನು ಚಿಮುಟದಲ್ಲಿ ಎತ್ತಿದ್ದ.

"ಕೆಂಪನ್ನ ತಡೆಯೋದು ಇದೇ ಕಣೇ. ನಂಗೆ ಬೇಕಾಗಿರೋದು ಆ ಕೆಂಪೇ."

ಆಕಾಶದಲ್ಲಿ ತಾನೇ ಕೆಂಪಗೆ ಹೊಳೆಯುವ ಅನಿಲದ ಮೋಡವೊಂದಿದೆ, ಬರಿಗಣ್ಣಿಗೆ ಕಾಣದಷ್ಟು ಮಸುಕು ಎಂದು ವಿವರಿಸಿದ್ದ. ಐದು ನಿಮಿಷ ತೆರೆದಿಟ್ಟು ತೆಗೆದ ಫೋಟೋದಲ್ಲೂ ಕಪ್ಪೇ. ಅಂಥ ಮುನ್ನೂರನ್ನು ಒಂದರ ಮೇಲೊಂದು ಪೇರಿಸಿದರೆ ಮೋಡ ಎದ್ದು ಬರುತ್ತದಂತೆ. ರಾತ್ರಿಯಿಡೀ ತಾರಸಿಗಳ ಮೇಲೆ ಕೂತು ತೆಗೆದದ್ದು ಇನ್ನೂರ ಹನ್ನೆರಡಾಗಿತ್ತು. ಕಂಪ್ಯೂಟರಿಗೆ ಇಳಿಸು ಎಂದರೆ, ಮುನ್ನೂರಾಗಲಿ ಎನ್ನುತ್ತಿದ್ದ.

*

ಮತ್ತೆ ಕ್ಲಿಕ್.

ಕಾರ್ಡಿನ ಮೇಲೆ ಹೊಸದೇನೂ ಬೀಳದಿದ್ದರೆ ಅಳಿಸಿದ್ದನ್ನು ವಾಪಸು ತೆಗೆಯಬಹುದು. ಅದು ಅವಳಿಗೆ ಗೊತ್ತಿತ್ತು. ಚಿಕ್ಕಪ್ಪನ ಒಂದೊಂದು ಕ್ಲಿಕ್ಕೂ ಅಪ್ಪನ ಐದೈದು ನಿಮಿಷವನ್ನು ನುಂಗುತ್ತಿತ್ತು.

"ಕೊಡಿ ಇಲ್ಲಿ."

ಅಪ್ಪನ ತಂಗಿ ಅವಳ ರಟ್ಟೆ ಹಿಡಿದಳು. "ಹೆಣ ಎತ್ತೋ ಹೊತ್ತಲ್ಲಿ ಕ್ಯಾಮೆರಾಕ್ಕೆ ಜಗಳವೇನೇ? ಕಣ್ಣಲ್ಲಿ ಒಂದು ಹನಿ ನೀರಿಲ್ಲ."

"ಬದುಕಿದ್ದಾಗ ತಾರಸಿ ಗೂಬೆ ಅಂತಿದ್ರಲ್ಲ ಅತ್ತೆ, ಆಗ ನಿಮ್ಮ ಕಣ್ಣಲ್ಲಿ ಎಷ್ಟು ಹನಿ ಇತ್ತು?"

ಅತ್ತೆಯ ಕೈ ಸಡಿಲವಾಯಿತು. ಚಿಕ್ಕಪ್ಪ ಪರದೆ ನೋಡಿ ಮುಖ ಕಿವಿಚಿದ. "ತಗೋ ಮಾರಾಯ್ತಿ. ಕೆಟ್ಟು ಕೂತಿರೋ ಕ್ಯಾಮೆರಾ. ಎಲ್ಲ ಕೆಂಪಗೆ ಬರ್ತಿದೆ."

ಅವಳು ನೋಡಿದಳು. ಗೋಡೆ, ಹೂವು, ಅತ್ತೆಯ ಒದ್ದೆ ಕೆನ್ನೆ, ಬಿಳಿ ಹೊದಿಕೆ ಎಲ್ಲವೂ ಕೆಂಪು. ನಡುವೆ ಕಣ್ಣು ಮುಚ್ಚಿದ ಅಪ್ಪ.

ಕಾರ್ಡು ಕಿತ್ತುಕೊಂಡಳು. ಅಪ್ಪನನ್ನು ಎತ್ತುವಾಗ ಒಂದೇ ಕೈ ಕೊಟ್ಟಳು. ಇನ್ನೊಂದು ಕೈಯ ಮುಷ್ಟಿ ಬಿಚ್ಚಲಿಲ್ಲ.